ತಾಸಿನ ಮೇಲೊಂದು ತಾಸು



ಹಿಂದೆ ನಮ್ಮ ರಾಯಚೂರು ಸೀಮೆಯಲ್ಲಿ ವಿಮಾನವೆಂದರೆ, ಹೊಲದಲ್ಲಿ ಕಳೆ ತೆಗೆಯುವ ತಾಯಂದಿರು ಸೊಂಟಕ್ಕೆ ಕೈಯಿಟ್ಟು ನಿಂತು ತಲೆಯೆತ್ತಿ ನೋಡುವ ಆಕಾಶದ ಒಂದು ಬಿಳಿಯ ಗೆರೆ ಮಾತ್ರವಾಗಿತ್ತು. ಈಗ ಆ ತಾಯಂದಿರೇ ಅದರೊಳಗೆ ಕುಳಿತು ಮಕ್ಕಳ ಮನೆಗೆ ಹೋಗಿಬರುತ್ತಾರೆ. ಮಾನ್ವಿಯ ಕಡೆಗೆ ತುಂಗಭದ್ರೆಯ ಎಡದಂಡೆ ಕಾಲುವೆ ಬಂತು, ದೇವದುರ್ಗದ ಕಡೆಗೆ ನಾರಾಯಣಪುರದ ಬಲದಂಡೆ ಕಾಲುವೆ ಬಂತು. ನೀರಿನ ಹಿಂದೆ ಬೆಳೆ, ಬೆಳೆಯ ಹಿಂದೆ ಮಕ್ಕಳ ಓದು, ಓದಿನ ಹಿಂದೆ ದೂರದ ಊರಿನ ನೌಕರಿ. ಬೆಂಗಳೂರು, ಪುಣೆ, ಹೈದರಾಬಾದು, ದಿಲ್ಲಿಗಳಲ್ಲಿ ನಮ್ಮವರ ಮನೆಗಳಾಗಿವೆ. ಆದುದರಿಂದ ವಿಮಾನ ಪ್ರಯಾಣದ ಕಷ್ಟಗಳನ್ನು ಕುರಿತು ಒಮ್ಮೆ ಬರೆಯಬೇಕೆಂದು ಕೆಲವು ಓದುಗರು ಕೇಳಿದ್ದುಂಟು. ಧರ್ಮಪತ್ರಿಕೆಯಲ್ಲಿ ಇದಕ್ಕೇನು ಸ್ಥಾನವೆಂದು ಯಾರಾದರೂ ಆಕ್ಷೇಪಿಸಬಹುದು. ಮನೆಯವರು ಅವಸರವಾಗಿ ವಿಮಾನ ಹತ್ತುವುದು ಬಹುಮಟ್ಟಿಗೆ ಹುಟ್ಟಿಗೆ, ಮದುವೆಗೆ, ಇಲ್ಲವೆ ಸಾವಿಗೆ. ಈ ಮೂರಕ್ಕೆ ಸಂಬಂಧಪಟ್ಟ ಮಾತು ಗೃಹಸ್ಥರ ಪತ್ರಿಕೆಗೆ ಹೊರಗಿನದಾಗಲಾರದು.

ಮೊದಲಿಗೆ ದೂರದ ಲೆಕ್ಕವನ್ನು ಹೇಳಬೇಕು, ಏಕೆಂದರೆ ಮಹಾನಗರದವರಿಗೆ ಇದು ತಿಳಿಯುವುದಿಲ್ಲ. ಯರಮರಸಿನ ವಿಮಾನ ನಿಲ್ದಾಣದ ಮಾತನ್ನು ನಾವು ಬಹುಕಾಲದಿಂದ ಕೇಳುತ್ತ ಬಂದಿದ್ದೇವೆ. ಕಲಬುರಗಿಯಲ್ಲಿ ೨೦೧೯ರ ನವೆಂಬರ ೨೨ರಂದು ನಿಲ್ದಾಣ ತೆರೆಯಿತು. ಆದರೆ ಅಲ್ಲಿಂದ ಎಲ್ಲ ಊರುಗಳಿಗೂ ವಿಮಾನವಿಲ್ಲ. ಹೀಗಾಗಿ ನಮ್ಮವರು ಹೆಚ್ಚಾಗಿ ಹೋಗುವುದು ಹೈದರಾಬಾದಿನ ಶಂಷಾಬಾದಿಗೆ. ೨೦೦೮ರಲ್ಲಿ ಬೇಗಂಪೇಟೆಯಿಂದ ವಿಮಾನಗಳೆಲ್ಲ ಅಲ್ಲಿಗೆ ಹೋದದ್ದು ನಮಗೆ ಅನುಕೂಲವೇ ಆಯಿತು, ಊರೊಳಗೆ ನುಗ್ಗುವ ಗೋಳು ತಪ್ಪಿತು. ಆದರೂ ರಾಯಚೂರಿನಿಂದ ಸುಮಾರು ೨೦೦ ಕಿಲೋಮೀಟರು. ಮಾನ್ವಿಯವರಾಗಲಿ ದೇವದುರ್ಗದವರಾಗಲಿ ರಾಯಚೂರಿಗೆ ಬರಲು ಮತ್ತೆ ೫೦ರ ಆಸುಪಾಸು. ವಿಮಾನ ಬೆಳಿಗ್ಗೆ ಹತ್ತಕ್ಕೆಂದರೆ ಎಂಟಕ್ಕೆ ನಿಲ್ದಾಣದಲ್ಲಿರಬೇಕು. ಹೊರಡುವ ಒಂದು ತಾಸಿಗೆ ಮೊದಲೇ ಸಾಮಾನು ಒಪ್ಪಿಸುವ ಕಟ್ಟೆ ಮುಚ್ಚಿಬಿಡುತ್ತದೆ. ಎಂಟಕ್ಕೆ ಅಲ್ಲಿರಬೇಕಾದರೆ ಮಾನ್ವಿಯನ್ನು ರಾತ್ರಿ ಎರಡಕ್ಕೆ ಬಿಡಬೇಕು. ಎರಡಕ್ಕೆ ಬಿಡಬೇಕಾದರೆ ಹೆಣ್ಣುಮಕ್ಕಳು ಮಲಗಿದ್ದಾದರೂ ಯಾವಾಗ? ಒಂದು ತಾಸಿನ ಹಾರಾಟಕ್ಕೆ ಒಂದು ಇಡೀ ರಾತ್ರಿಯ ನಿದ್ರೆ ಹೋಗುತ್ತದೆ. ನಗರದವನಿಗೆ ವಿಮಾನ ತಡವಾದರೆ ಮನೆಗೆ ಹೋಗಿ ಮಲಗಿ ಬಂದಾನು. ನಮ್ಮವರಿಗೆ ಹಿಂದಕ್ಕೆ ಹೋಗಲು ಮನೆಯೂ ಹತ್ತಿರವಿಲ್ಲ, ಮುಂದಕ್ಕೆ ಹೋಗಲು ವಿಮಾನವೂ ಇಲ್ಲ.

ಕೆಲವು ವರ್ಷಗಳ ಹಿಂದೆ, ಸಂಕ್ರಮಣ ಕಳೆದ ನಾಲ್ಕನೆಯ ದಿನ, ಪುಣೆಯ ಒಂದು ವಿಚಾರಗೋಷ್ಠಿಗೆ ನಾವು ಹೊರಟಿದ್ದೆವು. ಆ ರಾತ್ರಿ ನಮ್ಮ ಜೊತೆಗೆ ಅದೇ ವಾಹನದಲ್ಲಿ ಮಾನ್ವಿ ತಾಲೂಕಿನ ಒಬ್ಬ ಯಜಮಾನರು ತಮ್ಮ ಮಗನೊಡನೆ ಬಂದರು. ಎಪ್ಪತ್ತರ ವಯಸ್ಸು, ಮಾತು ಕಡಿಮೆ. ಹಿಂದಿನ ಸಂಜೆ ಅವರ ಹಿರಿಯಕ್ಕ ಪುಣೆಯಲ್ಲಿ ಲಿಂಗೈಕ್ಯರಾಗಿದ್ದರು. ಮಗ ಕೂಡಲೇ ಫೋನಿನಲ್ಲಿಯೇ ಎರಡು ಟಿಕೆಟ್ ತೆಗೆದಿದ್ದ. ಯಜಮಾನರ ಕೈಚೀಲದಲ್ಲಿ ಒಂದು ಇಳಕಲ್ ಸೀರೆಯಿತ್ತು. ರಾಯಚೂರಿನಲ್ಲಿ ಪರಿಚಯದ ಅಂಗಡಿಯವರನ್ನು ನಡುರಾತ್ರಿ ಎಬ್ಬಿಸಿ ಕೊಂಡದ್ದು. ಹೆಣ್ಣುಮಗಳು ಎಷ್ಟೇ ವಯಸ್ಸಾಗಿ ತೀರಿಕೊಂಡರೂ ತವರುಮನೆಯ ಸೀರೆ ಹೊದಿಸದೆ ಸಮಾಧಿ ಮಾಡುವುದಿಲ್ಲವೆಂಬುದು ನಮ್ಮ ಭಾಗದ ವಾಡಿಕೆ. ತವರಿನಲ್ಲಿ ಉಳಿದಿದ್ದವರು ಈ ತಮ್ಮನೊಬ್ಬರೇ. ಪುಣೆಯವರು ಮಧ್ಯಾಹ್ನ ನಾಲ್ಕಕ್ಕೆ ಕ್ರಿಯೆಯೆಂದು ಗೊತ್ತುಪಡಿಸಿದ್ದರು. ನಮ್ಮ ವಿಮಾನ ಹತ್ತು ಇಪ್ಪತ್ತಕ್ಕೆ. ಹನ್ನೆರಡರೊಳಗೆ ಮುಟ್ಟುತ್ತದೆ, ಚಿಂತೆಯಿಲ್ಲವೆಂದು ಎಲ್ಲರೂ ತಿಳಿದಿದ್ದರು.

ಭದ್ರತಾ ತಪಾಸಣೆಯಲ್ಲಿ ಮೊದಲ ತೊಡಕು. ಯಜಮಾನರ ಎದೆಯ ಮೇಲಿನ ಬೆಳ್ಳಿಯ ಕರಡಿಗೆಗೆ ಯಂತ್ರ ಕೂಗಿಕೊಂಡಿತು. ಎಳೆಯ ವಯಸ್ಸಿನ ಸಿಬ್ಬಂದಿ ಅದನ್ನು ತೆಗೆದು ತಟ್ಟೆಯಲ್ಲಿಡಿರೆಂದು ಹಿಂದಿಯಲ್ಲಿ ಹೇಳಿದ. ಯಜಮಾನರು ಎದೆಗೆ ಕೈಯಡ್ಡಯಿಟ್ಟು ನಿಂತುಬಿಟ್ಟರು. ಹಿಂದಿನ ಸಾಲಿನವರು ಗೊಣಗತೊಡಗಿದರು. ಬಾಲ್ಯದಲ್ಲಿ ಧರಿಸಿದ ಲಿಂಗವನ್ನು ಒಂದು ದಿನವೂ ಅಗಲಿಸದ ಮನುಷ್ಯನಿಗೆ ಆ ಪ್ಲಾಸ್ಟಿಕ್ ತಟ್ಟೆ ಏನೆಂದು ತೋರಿರಬೇಕು! ನಾವು ಮುಂದೆ ಹೋಗಿ, ಇದು ಒಡವೆಯಲ್ಲ, ಇದರೊಳಗೆ ಅವರ ಪೂಜಾಲಿಂಗವಿದೆ, ಅವರೇ ತಮ್ಮ ಕೈಯಿಂದ ತೆರೆದು ತೋರಿಸುತ್ತಾರೆಂದು ವಿನಯದಿಂದ ತಿಳಿಸಿದೆವು. ಆ ಹುಡುಗ ಹಿರಿಯ ಅಧಿಕಾರಿಯನ್ನು ಕರೆದ. ಅವರು ಬಂದು, ಯಜಮಾನರ ಅಂಗೈಯ ಮೇಲೆಯೇ ಕರಡಿಗೆಯನ್ನು ನೋಡಿ, ಬಟ್ಟೆಯ ತುಣುಕಿನಿಂದ ಹೊರಗಷ್ಟೇ ಒರೆಸಿ ಪರೀಕ್ಷಿಸಿ, ಕೈ ಮುಗಿದು ಕಳಿಸಿದರು. ಎಲ್ಲ ಸೇರಿ ಐದು ನಿಮಿಷ. ಇದರಲ್ಲಿ ಆ ಹುಡುಗನ ತಪ್ಪೇನೂ ಇಲ್ಲ. ಲೋಹ ಕೂಗಿದರೆ ನೋಡುವುದು ಅವನ ಕಾಯಕ. ಯಂತ್ರ ಕೂಗುವ ಮೊದಲೇ ನಾವಾಗಿ ಹೇಳಿ, ನಮ್ಮ ಕೈಯಿಂದಲೇ ತೆರೆದು ತೋರಿಸುತ್ತೇವೆಂದರೆ ಸಾಮಾನ್ಯವಾಗಿ ಯಾರೂ ಒತ್ತಾಯಿಸುವುದಿಲ್ಲ. ಸಿಖ್ಖರ ಕಿರ್ಪಾಣಕ್ಕೆ ೨೦೨೨ರಲ್ಲಿ ಅಳತೆ ಗೊತ್ತುಪಡಿಸಿ ದೇಶದೊಳಗಿನ ವಿಮಾನಗಳಲ್ಲಿ ಅನುಮತಿ ಕೊಟ್ಟರು. ಶಬರಿಮಲೆಗೆ ಹೋಗುವವರ ಇರುಮುಡಿಯ ತೆಂಗಿನಕಾಯಿಗೆ ೨೦೨೪ರ ಯಾತ್ರಾಕಾಲದಲ್ಲಿ ಕೈಚೀಲದಲ್ಲಿ ಒಯ್ಯಲು ಬಿಟ್ಟರು. ತಿಳಿಯ ಹೇಳಿದರೆ ಕೇಳುವವರು ಇದ್ದಾರೆ. (ನಮ್ಮ ಚೀಲದ ಶೇಂಗಾ ಚಟ್ನಿಪುಡಿಯನ್ನು ಮಾತ್ರ ಇಬ್ಬರು ಸಿಬ್ಬಂದಿ ಬಹಳ ಹೊತ್ತು ಮೂಸಿ ನೋಡಿದರು. ಅದು ಸಂಶಯವೋ ಹಸಿವೆಯೋ ನಾವು ಕೇಳಲಿಲ್ಲ.)

ಒಳಗೆ ಹೋಗಿ ಕುಳಿತ ಮೇಲೆ ನಿಜವಾದ ಪರೀಕ್ಷೆ ಪ್ರಾರಂಭವಾಯಿತು. ಹತ್ತು ಗಂಟೆಗೆ ಫಲಕದ ಮೇಲಿನ ಸಮಯ ಹತ್ತು ಇಪ್ಪತ್ತರಿಂದ ಹನ್ನೊಂದು ಹತ್ತಕ್ಕೆ ಜಾರಿತು. ಹನ್ನೊಂದಕ್ಕೆ ಅದು ಹನ್ನೆರಡಾಯಿತು. ಹನ್ನೆರಡಕ್ಕೆ ಒಂದೂವರೆಯಾಯಿತು. ಪ್ರತಿ ಸಲವೂ ಅದರ ಪಕ್ಕದಲ್ಲಿ ಅದೇ ಒಂದು ಪದ, ವಿಳಂಬ. ಸಂಸ್ಥೆಯ ಮೇಜಿನ ಹಿಂದೆ ಇಪ್ಪತ್ತೆರಡು ವರ್ಷದ ಒಬ್ಬ ಹುಡುಗಿ ನಿಂತಿದ್ದಳು. ವಿಮಾನ ಈಗ ಎಲ್ಲಿದೆಯಮ್ಮ ಎಂದು ನಾವು ಕೇಳಿದರೆ, ಒಂದು ತಾಸು ಸರ್, ಇನ್ನೊಂದೇ ತಾಸು ಎಂದಳು. ಅವಳಿಗೆ ಫಲಕಕ್ಕಿಂತ ಹೆಚ್ಚೇನೂ ಗೊತ್ತಿರಲಿಲ್ಲ. ಸಿಟ್ಟಿಗೆದ್ದವರು ಅವಳನ್ನೇ ಬೈಯುತ್ತಿದ್ದರು. ಬೈಗುಳವನ್ನು ತಿನ್ನಲೆಂದೇ ಆ ಮಗುವನ್ನು ಅಲ್ಲಿ ನಿಲ್ಲಿಸಿದ್ದಾರೇನೋ ಎಂದು ನಮಗನಿಸಿತು.

ಪುಣೆಯಿಂದ ಯಜಮಾನರ ಅಕ್ಕನ ಮಗ ತಾಸಿಗೊಮ್ಮೆ ಫೋನು ಮಾಡುತ್ತಿದ್ದ. "ಮಾವಾ, ಎಲ್ಲಿಗಿ ಬಂದ್ರಿ? ಮಂದಿ ಎಲ್ಲಾ ಕೂಡ್ಯಾರ."

"ಇನ್ನೊಂದ್ ತಾಸಂತಪ. ಬೋರ್ಡಿನ್ಯಾಗ ಹಂಗ ಬಂದೈತಿ."

ಈ ಮಾತನ್ನು ಅವರು ಮೂರು ಸಲ ಹೇಳಿದರು. ಮೂರನೆಯ ಸಲ ಹೇಳಿದ ಮೇಲೆ ಫೋನನ್ನು ಮಗನ ಕೈಗೆ ಕೊಟ್ಟು ನಮ್ಮ ಕಡೆಗೆ ತಿರುಗಿದರು. "ಹೋದಾಕಿಗೆ ಅವಸರ ಇಲ್ರೀ ಸ್ವಾಮೇರ. ಅಲ್ಲಿ ಕುಂತ ಮಂದಿಗೆ ಏನ್ ಹೇಳೂದು? ನಾ ಸುಳ್ಳ ಹೇಳ್ದಂಗ ಆತಲ್ರೀ."

ನಮ್ಮ ಎದುರಿಗೆ ಕುಳಿತಿದ್ದ ಒಬ್ಬ ಕಾಲೇಜು ವಿದ್ಯಾರ್ಥಿ ಇದನ್ನೆಲ್ಲ ಕೇಳುತ್ತಿದ್ದ. ಅವನು ತನ್ನ ಫೋನಿನಲ್ಲಿ ಏನನ್ನೋ ಒತ್ತಿ ನಮಗೆ ತೋರಿಸಿದ. ನಮ್ಮನ್ನು ಒಯ್ಯಬೇಕಾದ ವಿಮಾನ ಉತ್ತರದ ಒಂದು ಊರಿನಲ್ಲಿ ಬೆಳಗಿನಿಂದ ಮಂಜಿನಲ್ಲಿ ನಿಂತಿತ್ತು. ಅಲ್ಲಿಂದ ಇನ್ನೂ ಎದ್ದೇ ಇರಲಿಲ್ಲ. ಅದು ಎದ್ದು, ಎರಡು ತಾಸು ಹಾರಿ, ಇಲ್ಲಿ ಇಳಿದು, ಅದರ ಜನ ಇಳಿದು, ನಾವು ಹತ್ತಬೇಕು. ಒಂದೂವರೆಯ ಮಾತು ಹೇಗೆ ಸಾಧ್ಯ? ಆಗ ಗಂಟೆ ಹನ್ನೆರಡೂ ಕಾಲು. ಇದಕ್ಕೂ ಕಠಿಣವಾದ ಮಾತೊಂದಿದೆ. ಹನ್ನೊಂದಕ್ಕೆ ಪಕ್ಕದ ದ್ವಾರದಿಂದಲೇ ಬೇರೊಂದು ಸಂಸ್ಥೆಯ ವಿಮಾನ ಪುಣೆಗೆ ಹೊರಟಿತ್ತು. ಅದರ ಜನ ಸಾಲಾಗಿ ಹೋಗುವುದನ್ನು ನಾವೆಲ್ಲರೂ ನೋಡುತ್ತ ಕುಳಿತಿದ್ದೆವು. ಒಂಬತ್ತು ಗಂಟೆಗೇ ನಿಜ ಹೇಳಿದ್ದರೆ ಆ ಮಗ ಹೊರಗೆ ಹೋಗಿ ಅದಕ್ಕೆ ಟಿಕೆಟ್ ಕೇಳುತ್ತಿದ್ದ. ಇನ್ನೊಂದೇ ತಾಸು ಎಂದದ್ದರಿಂದ ಕುಳಿತ.

ಯಜಮಾನರು ಆ ಫೋನಿನ ಚಿತ್ರವನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಅಳಿಯನಿಗೆ ತಾವೇ ಫೋನು ಮಾಡಿಸಿದರು. "ನನ್ನ ಹಾದಿ ನೋಡಬ್ಯಾಡ್ರಿ. ಅಲ್ಲೇ ಒಂದು ಸೀರಿ ತಗೊಂಡು ನನ್ನ ಹೆಸರಲೆ ಹೊದಸ್ರಿ. ಹೊತ್ತಿಗಿ ಸರಿಯಾಗಿ ಮಾಡ್ರಿ."

ವಿಮಾನ ಮೂರು ನಲವತ್ತಕ್ಕೆ ಹೊರಟಿತು. ನಾವು ಪುಣೆಯಲ್ಲಿ ಇಳಿದಾಗ ಐದಾಗಿತ್ತು. ಅವರು ಸಮಾಧಿಯ ಬಳಿಗೆ ಹೋಗಿ ವಿಭೂತಿ, ಪತ್ರಿ ಅರ್ಪಿಸುವಾಗ ದೀಪ ಹಚ್ಚುವ ಹೊತ್ತು. ಆ ಇಳಕಲ್ ಸೀರೆ ಅಕ್ಕನ ಹಿರಿಯ ಸೊಸೆಯ ಕೈಸೇರಿತೆಂದು ಮುಂದೆ ಅವರ ಮಗನಿಂದ ತಿಳಿಯಿತು.

ಮಂಜಿಗೆ ಯಾರೂ ಹೊಣೆಯಲ್ಲ. ವಿಮಾನ ತಡವಾಗುವುದಕ್ಕೆ ನ್ಯಾಯವಾದ ಕಾರಣಗಳು ಇದ್ದೇ ಇರುತ್ತವೆ. ಒಂದೇ ವಿಮಾನ ಒಂದು ದಿನದಲ್ಲಿ ಐದಾರು ಊರುಗಳ ನಡುವೆ ಓಡಾಡುತ್ತದೆ. ಬೆಳಗಿನ ಊರಿನಲ್ಲಿ ಎರಡು ತಾಸು ನಿಂತರೆ ಸಂಜೆಯ ಊರಿನವರೆಗೂ ಆ ತಡ ಸಾಗಿ ಬರುತ್ತದೆ, ಕಾಲುವೆಯ ಮೇಲ್ಭಾಗದಲ್ಲಿ ನೀರು ನಿಂತರೆ ಕೆಳಭಾಗದ ಹೊಲ ಒಣಗುವಂತೆ. ಚಾಲಕರ ಕೆಲಸದ ಅವಧಿಗೂ ಮಿತಿಯಿದೆ; ಕಾಯುತ್ತ ಕಾಯುತ್ತ ಆ ಅವಧಿ ಮೀರಿದರೆ ಬೇರೆ ಚಾಲಕರು ಬರಬೇಕು. ಇದೆಲ್ಲ ಒಪ್ಪತಕ್ಕದ್ದು. ನಾವು ಒಪ್ಪದಿರುವುದು ಸಮಯವನ್ನು ಕಂತು ಕಂತಾಗಿ ಹೇಳುವುದನ್ನು. ಐದು ತಾಸು ತಡವೆಂದು ಒಮ್ಮೆಗೇ ಹೇಳಿದರೆ ಮನುಷ್ಯ ಬೇರೆ ದಾರಿ ನೋಡುತ್ತಾನೆ, ಇಲ್ಲವೆ ಮನಸ್ಸನ್ನು ಕಲ್ಲು ಮಾಡಿಕೊಳ್ಳುತ್ತಾನೆ. ಒಂದೊಂದೇ ತಾಸು ಎಂದು ಐದು ಸಲ ಹೇಳಿದರೆ ಅವನು ಎದ್ದು ಹೋಗುವಂತೆಯೂ ಇಲ್ಲ, ಕೂಡುವಂತೆಯೂ ಇಲ್ಲ. ವಿಮಾನವೆಲ್ಲಿದೆ ಎಂಬುದು ಸಂಸ್ಥೆಗೆ ಕ್ಷಣಕ್ಷಣಕ್ಕೂ ತಿಳಿದಿರುತ್ತದೆ. ಒಬ್ಬ ವಿದ್ಯಾರ್ಥಿಯ ಫೋನಿಗೆ ತಿಳಿದದ್ದು ಅವರಿಗೆ ತಿಳಿಯದೆಂದರೆ ನಂಬುವವರಾರು?

೨೦೨೫ರ ಡಿಸೆಂಬರದಲ್ಲಿ ಇಡೀ ದೇಶವೇ ಈ ಅನುಭವವನ್ನು ಪಡೆಯಿತು. ಚಾಲಕರ ವಿಶ್ರಾಂತಿಯ ಹೊಸ ನಿಯಮಗಳು ೨೦೨೪ರ ಜನವರಿಯಲ್ಲಿಯೇ ಪ್ರಕಟವಾಗಿದ್ದವು. ವಾರಕ್ಕೆ ೩೬ ತಾಸಿದ್ದ ವಿಶ್ರಾಂತಿ ೪೮ ತಾಸಾಯಿತು. ರಾತ್ರಿ ವೇಳೆಯಲ್ಲಿ ವಿಮಾನ ಇಳಿಸುವುದು ಆರರಿಂದ ಎರಡಕ್ಕೆ ಇಳಿಯಿತು. ನಿಯಮ ಸರಿಯಾದದ್ದೇ. ನಿದ್ರೆಗೆಟ್ಟ ಲಾರಿ ಚಾಲಕ ಏನು ಮಾಡುತ್ತಾನೆಂಬುದು ನಮ್ಮ ಹೆದ್ದಾರಿಯ ಊರುಗಳಿಗೆ ಗೊತ್ತಿದೆ. ನೂರೆಂಬತ್ತು ಜನರನ್ನು ಹೊತ್ತವನು ನಿದ್ರೆಗೆಡಬಾರದು. ಎರಡನೆಯ ಹಂತ ೨೦೨೫ರ ನವೆಂಬರ ೧ರಂದು ಜಾರಿಗೆ ಬಂದಾಗ ದೇಶದ ಅತಿದೊಡ್ಡ ಸಂಸ್ಥೆಯಾದ ಇಂಡಿಗೋದ ಬಳಿ ಅದಕ್ಕೆ ಸಾಲುವಷ್ಟು ಚಾಲಕರ ಏರ್ಪಾಡು ಇರಲಿಲ್ಲ. ಡಿಸೆಂಬರ ೫ರ ಒಂದೇ ದಿನ ಸಾವಿರಕ್ಕೂ ಹೆಚ್ಚು ಹಾರಾಟಗಳು ರದ್ದಾದವು. ಕಡೆಗೆ ಸರಕಾರವೇ ೨೦೨೬ರ ಫೆಬ್ರುವರಿ ೧೦ರವರೆಗೆ ಆ ಸಂಸ್ಥೆಗೆ ಕೆಲವು ನಿಯಮಗಳಿಂದ ವಿನಾಯಿತಿ ಕೊಡಬೇಕಾಯಿತು. ಬೇರೆ ವಿಮಾನಗಳ ದರ ಮುಗಿಲು ಮುಟ್ಟಿದಾಗ ೫೦೦ ಕಿಲೋಮೀಟರಿನೊಳಗಿನ ಪ್ರಯಾಣಕ್ಕೆ ೭,೫೦೦ ರೂಪಾಯಿ, ಸಾವಿರದೊಳಗೆ ೧೨,೦೦೦ ಎಂದು ಮಿತಿ ಹಾಕಿದರು.

ಅದೇ ವಾರ ಹುಬ್ಬಳ್ಳಿಯಲ್ಲಿ ನಡೆದ ಸಂಗತಿ ಪತ್ರಿಕೆಗಳಲ್ಲೆಲ್ಲ ಬಂತು. ಭುವನೇಶ್ವರದಲ್ಲಿ ಮದುವೆಯಾದ ನವದಂಪತಿಗಳಿಗೆ ಹೆಣ್ಣಿನ ತವರಾದ ಹುಬ್ಬಳ್ಳಿಯಲ್ಲಿ ಡಿಸೆಂಬರ ೩ರಂದು ಆರತಕ್ಷತೆಯಿತ್ತು. ಅವರ ವಿಮಾನವನ್ನು ಹಿಂದಿನ ದಿನದಿಂದ ಮುಂದೂಡುತ್ತ ಮುಂದೂಡುತ್ತ ಕಡೆಗೆ ರದ್ದು ಮಾಡಿದರು. ಇಲ್ಲಿ ಮಂಟಪ ಸಿಂಗಾರವಾಗಿದೆ, ಅಡಿಗೆಯಾಗಿದೆ, ಬಂಧುಗಳು ಬಂದು ಕುಳಿತಿದ್ದಾರೆ. ವಧುವಿನ ತಂದೆತಾಯಿಗಳು ಮಗಳು ಅಳಿಯಂದಿರಿಗೆ ಇಟ್ಟಿದ್ದ ಕುರ್ಚಿಗಳಲ್ಲಿ ತಾವೇ ಕುಳಿತರು. ಮದುವೆಯ ಉಡುಪಿನಲ್ಲಿದ್ದ ದಂಪತಿಗಳು ಭುವನೇಶ್ವರದಿಂದ ಪರದೆಯ ಮೇಲೆ ಕಾಣಿಸಿಕೊಂಡು ಎಲ್ಲರಿಗೂ ಕೈಮುಗಿದರು. ಓದಿದ ಕೆಲವರು ನಕ್ಕರು. ಮಗಳ ಕುರ್ಚಿಯಲ್ಲಿ ಕುಳಿತ ಆ ತಾಯಿಯನ್ನು ನೆನೆದಾಗ ನಮಗೆ ನಗು ಬರಲಿಲ್ಲ.

ಇನ್ನು ನಿಯಮಗಳ ಮಾತು. ಇವು ನಮ್ಮ ಮನೆಗಳಲ್ಲಿ ಬಹಳ ಜನಕ್ಕೆ ಗೊತ್ತಿಲ್ಲದ್ದರಿಂದ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇವೆ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಕಟ್ಟಳೆಯಂತೆ, ಎರಡೂವರೆ ತಾಸಿನೊಳಗಿನ ಹಾರಾಟ ಎರಡು ತಾಸು ತಡವಾದರೆ ಕಾಯುವವರಿಗೆ ಊಟೋಪಹಾರ ಕೊಡಬೇಕು. ಆರು ತಾಸಿಗಿಂತ ಹೆಚ್ಚು ತಡವಾಗುವುದಾದರೆ ಬೇರೆ ವಿಮಾನವನ್ನಾಗಲಿ ಪೂರ್ಣ ಹಣವನ್ನಾಗಲಿ ಕೇಳುವ ಹಕ್ಕು ಪ್ರಯಾಣಿಕನದು. ಮುಂಚಿತವಾಗಿ ತಿಳಿಸದೆ ರದ್ದು ಮಾಡಿದರೆ, ಹಾರಾಟದ ಅವಧಿಯನ್ನು ನೋಡಿಕೊಂಡು ೫,೦೦೦, ೭,೫೦೦, ಇಲ್ಲವೆ ೧೦,೦೦೦ ರೂಪಾಯಿಯವರೆಗೆ ಪರಿಹಾರವಿದೆ. ಮೂಲದರ ಮತ್ತು ಇಂಧನದ ಮೊತ್ತ ಅದಕ್ಕಿಂತ ಕಡಿಮೆಯಿದ್ದರೆ ಅಷ್ಟೇ. ಮಂಜು, ಬಿರುಗಾಳಿ ಮುಂತಾದ ಕೈಮೀರಿದ ಕಾರಣಗಳಿಗೆ ಈ ಪರಿಹಾರವಿಲ್ಲ, ಆದರೆ ಊಟವೂ ಹಣ ಮರಳಿಸುವುದೂ ತಪ್ಪುವುದಿಲ್ಲ. ಸಂಸ್ಥೆಯವರು ಕೇಳದಿದ್ದರೆ ಸರಕಾರದ ಏರ್‌ಸೇವಾ ಎಂಬ ವ್ಯವಸ್ಥೆಗೆ ಫೋನಿನಿಂದಲೇ ದೂರು ಕೊಡಬಹುದು, ೨೦೧೬ರಿಂದ ಅದಿದೆ. ಕೈಮುಗಿದು ಬೇಡುವುದು ಬೇಡ, ಕೂಗಾಡುವುದೂ ಬೇಡ. ನಿಯಮವನ್ನು ಹೆಸರಿಸಿ ಕೇಳಿದರೆ ಮೇಜಿನ ಹಿಂದಿನ ಧ್ವನಿ ಬದಲಾಗುವುದನ್ನು ನಾವು ಕಂಡಿದ್ದೇವೆ. ಆ ದಿನ ನಮಗೆ ಒಂದು ಸಮೋಸ, ಒಂದು ಹಣ್ಣಿನ ರಸದ ಪೊಟ್ಟಣ ಸಿಕ್ಕಿದ್ದು ಹಾಗೆ ಕೇಳಿದ ಮೇಲೆಯೇ. ಯಜಮಾನರು ಮುಟ್ಟಲಿಲ್ಲ, ಕ್ರಿಯೆಯಾಗುವವರೆಗೆ ನೀರಷ್ಟೇ ಎಂದರು. ಖಾಲಿ ಬಾಟಲಿ ಒಯ್ದರೆ ತಪಾಸಣೆಯಾದ ಮೇಲೆ ಒಳಗೆ ಕುಡಿಯುವ ನೀರು ಬಿಟ್ಟಿಯಾಗಿ ತುಂಬಿಕೊಳ್ಳಬಹುದು. ಚಹಾದ ಬೆಲೆಯ ವಿಷಯ ಎತ್ತುವುದೇ ಬೇಡ. ಕೋಲ್ಕತ್ತಾ ನಿಲ್ದಾಣದಲ್ಲಿ ೨೦೨೪ರಲ್ಲಿ ಹತ್ತು ರೂಪಾಯಿಗೆ ಚಹಾ ಕೊಡುವ ಸರಕಾರಿ ಉಪಾಹಾರ ಗೃಹವನ್ನು ತೆರೆದದ್ದು ಒಳ್ಳೆಯ ಕೆಲಸ. ಎಲ್ಲ ನಿಲ್ದಾಣಗಳಿಗೂ ಅದು ಬರಲಿ.

ಸಾವಿನ ಸುದ್ದಿ ಬಂದಾಗ ವಿಮಾನವೇ ವೇಗವೆಂದು ತಿಳಿಯಬೇಕಾಗಿಲ್ಲ. ಮುಂಬಯಿ ಕಡೆಯ ಹಳಿಯೂ ಮದರಾಸು ಕಡೆಯ ಹಳಿಯೂ ೧೮೭೧ರಲ್ಲಿ ಕೂಡಿದ್ದು ನಮ್ಮ ರಾಯಚೂರಿನಲ್ಲಿಯೇ. ಸೊಲ್ಲಾಪುರ, ಪುಣೆ, ಮುಂಬಯಿಗಳಿಗೆ ಇಲ್ಲಿಂದ ನೇರ ರೈಲುಗಳಿವೆ. ನಡುರಾತ್ರಿ ರಾಯಚೂರಿನಲ್ಲಿ ಹತ್ತಿದವರು ಮಧ್ಯಾಹ್ನದೊಳಗೆ ಪುಣೆಯಲ್ಲಿರುತ್ತಾರೆ. ಮದುವೆ, ಕುಬಸ, ನಾಮಕರಣಗಳಿಗಾದರೆ ಹಿಂದಿನ ದಿನವೇ ಮುಟ್ಟುವಂತೆ ಹೊರಡುವುದು ಲೇಸು.

ಕಡೆಯದಾಗಿ ದೇವದುರ್ಗದ ಒಂದು ಮನೆಯ ಸಂಗತಿ. ದಿಲ್ಲಿಯಲ್ಲಿರುವ ಮಗಳ ಕುಬಸಕ್ಕೆಂದು ತಂದೆತಾಯಿಗಳು ಊರಿನ ಅಂಗಡಿಯೊಂದರಲ್ಲಿ ಟಿಕೆಟ್ ಮಾಡಿಸಿದರು. ಅಂಗಡಿಯಾತ ರೂಢಿಯಂತೆ ತನ್ನದೇ ಫೋನಿನ ಸಂಖ್ಯೆ ಬರೆದ. ಹೊರಡುವ ಹಿಂದಿನ ದಿನ ಸಂಸ್ಥೆಯವರು ಆ ವಿಮಾನವನ್ನು ರದ್ದು ಮಾಡಿ, ಬೆಳಿಗ್ಗೆ ಆರರ ವಿಮಾನಕ್ಕೆ ಇವರನ್ನು ಬದಲಿಸಿ ಸಂದೇಶ ಕಳಿಸಿದ್ದಾರೆ. ಅದು ಭಾನುವಾರ, ಅಂಗಡಿ ಮುಚ್ಚಿತ್ತು, ಸಂದೇಶವನ್ನು ಯಾರೂ ನೋಡಲಿಲ್ಲ. ಇವರು ಎಂಟಕ್ಕೆ ಶಂಷಾಬಾದಿಗೆ ಮುಟ್ಟಿದಾಗ ವಿಮಾನ ಹೋಗಿ ಎರಡು ತಾಸಾಗಿತ್ತು. ತಿಳಿಸಿದ್ದೇವಲ್ಲ ಎಂದು ಸಂಸ್ಥೆಯವರೆಂದರು. ಪ್ರಯಾಣಿಕನ ಸಂಪರ್ಕದ ಸಂಖ್ಯೆ ಸರಿಯಾಗಿ ಕೊಟ್ಟಿರದಿದ್ದರೆ ಪರಿಹಾರವಿಲ್ಲವೆಂದು ಆ ನಿಯಮದಲ್ಲಿಯೇ ಇದೆ. ಆದುದರಿಂದ ಟಿಕೆಟಿನ ಕಾಗದ ಕೈಗೆ ಬಂದ ಕೂಡಲೇ ಅದರಲ್ಲಿ ಯಾರ ಸಂಖ್ಯೆಯಿದೆಯೆಂದು ನೋಡಿರಿ. ಮನೆಯಲ್ಲಿ ಓದುವ ಮಕ್ಕಳಿದ್ದರೆ ಅವರ ಸಂಖ್ಯೆಯನ್ನೇ ಬರೆಸಿರಿ. ಆ ತಾಯಿ ಹಸಿರು ಸೀರೆ, ಹಸಿರು ಬಳೆ, ಮೂರು ಡಬ್ಬಿ ಹೋಳಿಗೆ ಕರ್ಚಿಕಾಯಿಗಳನ್ನು ಮತ್ತೆ ಅದೇ ಜೀಪಿನಲ್ಲಿಟ್ಟುಕೊಂಡು ಸಂಜೆಗೆ ದೇವದುರ್ಗ ಮುಟ್ಟಿದರು. ಹೋಳಿಗೆಯನ್ನು ಓಣಿಯ ಮಕ್ಕಳಿಗೆ ಹಂಚಿದರಂತೆ. ಬಳೆಗಳನ್ನು ಅಂಚೆಯಲ್ಲಿ ಕಳಿಸಿದರು.